ಖುಷಿಯ ಪಿಗ್ಮಿ

ಮುಂಬೈಯಲ್ಲಿರುವ ನಮ್ಮವರನ್ನು ಯಾರನ್ನಾದರೂ "ಹೇಗಿದ್ದೀರಿ?" ಅಂತ ಕೇಳಿ ನೋಡಿ. "ಏನೋ ನಡೀತಾ ಇದೆ ಮಾರಾಯ್ರೆ" ಅನ್ನುವ ಉತ್ತರ ಬರುತ್ತದೆ. ಇನ್ನೂ ಐದು ನಿಮಿಷ ಮಾತಾಡಿದರೆ ಅದರ ಬೆನ್ನಿಗೇ ಇನ್ನೊಂದು: "ಇನ್ನು ನಾಲ್ಕೈದು ವರ್ಷ ಅಷ್ಟೆ. ಮಗಳ ಮದುವೆ ಆಗ್ಲಿ, ಫ್ಲ್ಯಾಟಿನ ಸಾಲ ತೀರ್ಲಿ. ಆಮೇಲೆ ಊರಿಗೆ ಹೋಗಿ ಆರಾಮಾಗಿ ಇರೋದು." ಮೂವತ್ತು ವರ್ಷಗಳಿಂದ ಈ ಮಾತನ್ನು ಕೇಳುತ್ತಿದ್ದೇನೆ. ಹೇಳುವವರು ಬದಲಾದರು, ಮಾತು ಮಾತ್ರ ಹಾಗೇ ಇದೆ. ನನ್ನ ನಿವೃತ್ತಿಗೂ ಇನ್ನು ನಾಲ್ಕೇ ವರ್ಷ ಉಳಿದಿರುವುದರಿಂದ ಈಗ ಜನ ನನ್ನ ಬಾಯಿಂದಲೂ ಅದನ್ನೇ ಹೇಳಿಸಲು ನೋಡುತ್ತಾರೆ. "ಮತ್ತೆ? ರಿಟೈರ್ ಆದ ಮೇಲೆ ಊರಿಗೇ ತಾನೇ?"

ಬ್ಯಾಂಕಿನವನ ತಲೆ ಬ್ಯಾಂಕಿನ ಹಾಗೇ ಓಡುವುದು. ಈ ಮಾತು ಕೇಳಿದಾಗಲೆಲ್ಲ ನನಗೆ ಅನ್ನಿಸುವುದು, ನಾವು ವಲಸೆ ಬಂದವರು ನಮ್ಮ ಖುಷಿಯನ್ನೆಲ್ಲ ಫಿಕ್ಸೆಡ್ ಡಿಪಾಸಿಟ್‌ನಲ್ಲಿ ಇಟ್ಟುಬಿಟ್ಟಿದ್ದೇವೆ ಅಂತ. ಅವಧಿ ಮೂವತ್ತೈದು ವರ್ಷ, ಮೆಚ್ಯೂರಿಟಿ ತಾರೀಕು ನಿವೃತ್ತಿಯ ಮರುದಿನ, ಹಣ ಸಿಗುವ ಶಾಖೆ ಊರಿನದು.

ದುಡ್ಡಿನ ವಿಷಯದಲ್ಲಿ ಎಫ್‌ಡಿ ಒಳ್ಳೆಯದೇ. ನಾನೇ ಎಷ್ಟೋ ಜನರಿಗೆ ಮಾಡಿಸಿದ್ದೇನೆ. ಅವಸರಕ್ಕೆ ಮಧ್ಯದಲ್ಲಿ ಮುರಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೆ. ಇಟ್ಟವರಿಗೆ ಏನಾದರೂ ಆದರೆ ನಾಮಿನಿ ಇರುತ್ತಾರೆ. ಬ್ಯಾಂಕೇ ಮುಳುಗಿದರೂ ಒಂದು ಮಿತಿಯವರೆಗೆ ವಿಮೆ ಇದೆ. ಆ ಮಿತಿಯನ್ನು 2020ರಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆದರೆ ಖುಷಿಯ ಡಿಪಾಸಿಟ್‌ಗೆ ಇದ್ಯಾವುದೂ ಇಲ್ಲ ನೋಡಿ. ನಾಮಿನಿ ಇಲ್ಲ, ವಿಮೆ ಇಲ್ಲ. 1998ರಲ್ಲಿ ಅನುಭವಿಸಬೇಕಾಗಿದ್ದನ್ನು 2029ರಲ್ಲಿ ಬಡ್ಡಿ ಸೇರಿಸಿ ಕೊಡಿ ಅಂದರೆ ಯಾವ ಕೌಂಟರಿನಲ್ಲೂ ಕೊಡುವುದಿಲ್ಲ.

ಹಾಗಾದರೆ ಬೇರೆ ಸ್ಕೀಮ್ ಯಾವುದು? ನಮ್ಮ ಊರಿನವರೇ ಕಂಡುಹಿಡಿದದ್ದೊಂದಿದೆ. ಪಿಗ್ಮಿ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಆಗ ಕೈಮಗ್ಗದ ಕಸುಬು ಕುಸಿದು ನೇಕಾರರು ಕಷ್ಟದಲ್ಲಿದ್ದರು. ಅವರಿಗೆ ನೆರವಾಗಬೇಕೆಂಬುದು ಮುಖ್ಯ ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಡಿಪಾಸಿಟ್ ಆರಂಭಿಸಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ನೀವು ಬ್ಯಾಂಕಿಗೆ ಹೋಗುವುದು ಬೇಡ, ಏಜೆಂಟರೇ ನಿಮ್ಮ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ.

ನಾನು ಸಣ್ಣವನಿದ್ದಾಗ ನಮ್ಮ ಪೇಟೆಗೆ ಸಂಜೆ ಹೊತ್ತು ಸೈಕಲ್ಲಿನಲ್ಲಿ ಒಬ್ಬರು ಪಿಗ್ಮಿಯವರು ಬರುತ್ತಿದ್ದರು. ಚಹಾ ಹೋಟೆಲು, ಕ್ಷೌರದಂಗಡಿ, ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರ ಮನೆ, ಎಲ್ಲ ಕಡೆ ಹೋಗಿ ಒಂದು ರೂಪಾಯಿ, ಎರಡು ರೂಪಾಯಿ ತೆಗೆದುಕೊಂಡು ರಸೀದಿ ಹರಿದು ಕೊಡುತ್ತಿದ್ದರು. ವ್ಯಾಪಾರ ಚೆನ್ನಾಗಿರಲಿ, ಇಲ್ಲದಿರಲಿ, ಅವರು ಬರುವುದು ತಪ್ಪುತ್ತಿರಲಿಲ್ಲ. ಆ ಸ್ಕೀಮಿನ ಜಾಣತನ ನನಗೆ ಅರ್ಥವಾದದ್ದು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ಮೇಲೆ. ದಿನಗೂಲಿಯವನ ಕೈಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಆದರೆ ಪ್ರತಿ ಸಂಜೆ ಅವನ ಕೈಯಲ್ಲಿ ಸ್ವಲ್ಪವಾದರೂ ಇರುತ್ತದೆ. ಅದನ್ನು ಅವತ್ತೇ ಹಿಡಿಯಬೇಕು, ಇಲ್ಲದಿದ್ದರೆ ಅದು ಹೋಯಿತು.

ಖುಷಿಯೂ ಹೀಗೇ ಅಂತ ನನ್ನ ಅಭಿಪ್ರಾಯ. ನಾವೆಲ್ಲ ಆ ಲೆಕ್ಕದಲ್ಲಿ ದಿನಗೂಲಿಯವರೇ. ಅದು ಸಣ್ಣ ಮೊತ್ತದಲ್ಲಿ ದಿನಾ ಬರುತ್ತದೆ, ಅವತ್ತು ತೆಗೆದುಕೊಳ್ಳದಿದ್ದರೆ ಖರ್ಚಾಗಿ ಹೋಗುತ್ತದೆ. ಮೂವತ್ತು ವರ್ಷದ ನಂತರ ಒಟ್ಟಿಗೆ ತೆಗೆದುಕೊಳ್ಳುತ್ತೇನೆ ಅಂದರೆ ತೆಗೆದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಎರಡಾಣೆಯ ಖುಷಿ ಎಂದರೆ ಯಾವುದು ಅಂತ ಕೇಳಿದರೆ ನನ್ನ ಖಾತೆಯಿಂದ ಕೆಲವು ನಮೂದುಗಳನ್ನು ಹೇಳುತ್ತೇನೆ.

ಒಂದು, ಲೋಕಲ್ ಟ್ರೈನಿನ ಫೋರ್ತ್ ಸೀಟ್. ಮುಂಬೈಯವರಿಗೆ ಗೊತ್ತು, ಹೊರಗಿನವರಿಗೆ ಹೇಳಬೇಕು. ಮೂರು ಜನರಿಗೆಂದು ಮಾಡಿದ ಸೀಟಿನ ತುದಿಯಲ್ಲಿ ನಾಲ್ಕನೆಯವನು ಕೂರುತ್ತಾನೆ. ಕೂರುವುದು ಅಂದರೆ ಅರ್ಧ ಕೂತ, ಅರ್ಧ ನೇತಾಡಿದ. "ಥೋಡಾ ಖಿಸ್ಕೋ ಭಾಯ್" ಅಂದಾಗ ಮುಖ ಗಂಟು ಹಾಕದೆ ಮೂವರೂ ಒಂದೊಂದು ಅಂಗುಲ ಸರಿದರೆ ಅವತ್ತಿನ ಬೆಳಗು ಗೆದ್ದ ಹಾಗೆ. ನಮ್ಮ ಡೊಂಬಿವಲಿ ಗುಂಪಿನಲ್ಲಿ ಇನ್ನೂ ಒಂದು ರೂಢಿ ಇದೆ. ಘಾಟ್ಕೋಪರ್ ಬರುತ್ತಿದ್ದಂತೆ ಕೂತವರು ಎದ್ದು, ಅಲ್ಲಿಯವರೆಗೆ ನಿಂತವರನ್ನು ಕೂರಿಸುತ್ತಾರೆ. ಯಾವ ರೈಲ್ವೆ ನಿಯಮದಲ್ಲೂ ಇದು ಇಲ್ಲ. ಒಬ್ಬರು ಗುಜರಾತಿ, ಇಬ್ಬರು ಮರಾಠಿ, ಒಬ್ಬರು ಉತ್ತರ ಪ್ರದೇಶದವರು, ನಾನೊಬ್ಬ ಕನ್ನಡದವನು. ಒಬ್ಬರ ಮನೆ ಇನ್ನೊಬ್ಬರು ನೋಡಿಲ್ಲ. ಆದರೂ ಘಾಟ್ಕೋಪರ್ ಬಂದರೆ ಏಳುತ್ತೇವೆ.

ಎರಡು, ಮಳೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ, ಮುಂಬೈಗೆ ಜೂನ್ 11ಕ್ಕೆ. ನಡುವೆ ನಮ್ಮ ಮಂಗಳೂರು, ಉಡುಪಿ, ಕಾರವಾರ. ಅಂದರೆ ನಮ್ಮ ಊರಿನ ಹಂಚಿನ ಮೇಲೆ ಸುರಿದ ಮೇಲೆಯೇ ಅದು ನಮ್ಮ ಬಿಲ್ಡಿಂಗಿಗೆ ಬರುವುದು. ಊರಿಂದ ಫೋನ್ ಬರುತ್ತದೆ, "ಇಲ್ಲಿ ಮಳೆ ಹಿಡೀತು" ಅಂತ. ಆವತ್ತಿನಿಂದ ಕಿಟಕಿ ನೋಡಲು ಶುರು. 2025ರಲ್ಲಂತೂ ಮೇ 26ಕ್ಕೇ ಬಂದುಬಿಟ್ಟಿತು, ಕೊಡೆ ಅಟ್ಟದಿಂದ ಇಳಿಸಿರಲೇ ಇಲ್ಲ. ಮಳೆಯಿಂದ ಈ ಊರಿಗೆ ಆಗುವ ಕಷ್ಟ ಗೊತ್ತಿಲ್ಲದವನಲ್ಲ ನಾನು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದದ್ದನ್ನು ಇಲ್ಲಿದ್ದವರು ಯಾರೂ ಮರೆಯುವುದಿಲ್ಲ. ಆದರೂ ಮೊದಲ ಮಳೆಯ ವಾಸನೆಗೆ ಕಿಟಕಿ ತೆರೆಯದವರನ್ನು ನಾನು ನೋಡಿಲ್ಲ.

ಮೂರು, ಕೆಸುವಿನ ಎಲೆ. ಮಳೆ ಹಿಡಿದು ತಿಂಗಳಾಗುವ ಹೊತ್ತಿಗೆ ನಮ್ಮ ಸ್ಟೇಷನ್ ರಸ್ತೆಯ ತರಕಾರಿಯವಳ ಬುಟ್ಟಿಯಲ್ಲಿ ಕಟ್ಟು ಕಟ್ಟಿಟ್ಟ ಕೆಸುವಿನ ಎಲೆ ಬರುತ್ತದೆ. ಅವಳು ಅದನ್ನು 'ಅಳು' ಅನ್ನುತ್ತಾಳೆ. ನನ್ನ ಹೆಂಡತಿ ಅಕ್ಕಿ, ತೆಂಗಿನಕಾಯಿ, ಮೆಣಸು, ಹುಣಸೆ ರುಬ್ಬಿ ಪತ್ರೊಡೆ ಮಾಡುತ್ತಾಳೆ. ಎದುರುಮನೆಯ ಮರಾಠಿ ಹೆಂಗಸು ಕಡಲೆಹಿಟ್ಟು, ಹುಣಸೆ, ಬೆಲ್ಲ ಹಚ್ಚಿ ಅಳುವಡಿ ಮಾಡುತ್ತಾರೆ. ಎಲೆಗೆ ಹಿಟ್ಟು ಸವರಿ ಒಂದರ ಮೇಲೊಂದು ಇಟ್ಟು ಸುತ್ತುವುದು ಎರಡು ಮನೆಯಲ್ಲೂ ಒಂದೇ ತರ. ತುರಿಕೆ ಆಗದಿರಲಿ ಅಂತ ಹುಣಸೆಹಣ್ಣು ಹಾಕುವುದೂ ಒಂದೇ. ಬಟ್ಟಲು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಅಳು ಅಂದರೆ ಏನು ಅಂತ ಅವರಿಗೆ ಹೇಳಿದಾಗ ಅವರು ನಕ್ಕದ್ದು ಇನ್ನೂ ನೆನಪಿದೆ. ಇಪ್ಪತ್ತು ವರ್ಷದಿಂದ ಪ್ರತಿ ಮಳೆಗಾಲ ಅದೇ ಜೋಕು ಹೇಳಿ ಅವರೇ ಮತ್ತೆ ನಗುತ್ತಾರೆ.

ಇಂಥವು ಇನ್ನೂ ಇವೆ. ಭಾನುವಾರ ಮಾಟುಂಗಕ್ಕೆ ಹೋದರೆ ಹೂವಿನ ಅಂಗಡಿಗಳ ಸಾಲಿನಲ್ಲಿ ಸುಮ್ಮನೆ ನಡೆಯುವುದು. ಯಾರೋ ಅಪರಿಚಿತರು ಮೊಬೈಲಿನಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುವುದು ಕಿವಿಗೆ ಬಿದ್ದು ತಲೆ ತನ್ನಷ್ಟಕ್ಕೆ ತಿರುಗುವುದು. ಇವುಗಳಲ್ಲಿ ಯಾವುದಕ್ಕೂ ಐವತ್ತು ರೂಪಾಯಿಗಿಂತ ಹೆಚ್ಚು ಖರ್ಚಿಲ್ಲ. ಊರಿಗೆ ಹೋಗುವವರೆಗೆ ಕಾಯಬೇಕಾಗಿಯೂ ಇಲ್ಲ.

ಕಾಯುವುದರಲ್ಲಿ ಏನು ತಪ್ಪು ಅನ್ನುವವರಿಗೆ ನಾನು ಕಂಡ ಇಬ್ಬರ ಕಥೆ ಹೇಳುತ್ತೇನೆ. ಹೆಸರು ಬೇಡ.

ಮೊದಲನೆಯವರು ನನ್ನ ಹಿರಿಯ ಸಹೋದ್ಯೋಗಿ. ಮುಂಬೈ ಅಂದರೆ ಅವರಿಗೆ ವೇಟಿಂಗ್ ರೂಮ್ ಇದ್ದ ಹಾಗೆ. ಇಲ್ಲಿ ಗೋಡೆಗೆ ಬಣ್ಣ ಹೊಡೆಸಲಿಲ್ಲ, ಒಂದು ಒಳ್ಳೆಯ ಕುರ್ಚಿ ತರಲಿಲ್ಲ, "ಇಲ್ಲಿ ಯಾಕೆ, ಹೇಗೂ ಊರಿಗೆ ಹೋಗುವವರು" ಅಂತ. ಸೊಸೈಟಿಯ ಗಣಪತಿ ಹಬ್ಬಕ್ಕೆ ವರ್ಗಣಿ ಕೊಡುತ್ತಿದ್ದರು, ಕೆಳಗಿಳಿದು ಬರುತ್ತಿರಲಿಲ್ಲ. ನಿವೃತ್ತಿಯಾಗಿ ಊರಿಗೆ ಹೋದರು. ಒಳ್ಳೆಯ ಮನೆ, ಹಿಂದೆ ತೋಟ, ಬಾವಿ. ಒಂಬತ್ತು ತಿಂಗಳಿಗೆ ವಾಪಸ್ ಬಂದರು. ಊರಿನಲ್ಲಿ ಅವರ ಜೊತೆ ಆಡಿದವರು ಅರ್ಧ ಜನ ಬೆಂಗಳೂರಿಗೆ, ದುಬೈಗೆ ಹೋಗಿದ್ದಾರೆ. ಉಳಿದವರಿಗೆ ಇವರು 'ಬೊಂಬಾಯಿಯವರು'. ಸಂಜೆ ಏಳಕ್ಕೆ ಕತ್ತಲು, ಮಾತಾಡಲು ಯಾರೂ ಇಲ್ಲ. ಊರಿನ ತಪ್ಪಲ್ಲ ಅದು. ಅಲ್ಲಿ ಮೂವತ್ತೈದು ವರ್ಷ ಇವರು ದಿನಾ ಏನೂ ಕಟ್ಟಿರಲಿಲ್ಲ, ಇಲ್ಲಿಯೂ ಕಟ್ಟಿರಲಿಲ್ಲ. ಎರಡೂ ಕಡೆ ಪಾಸ್‌ಬುಕ್ ಖಾಲಿ.

ಎರಡನೆಯವರು ನನ್ನ ಓರಗೆಯವರು, ಗೆಳೆಯ. ಸಾಲ ಮಾಡಿ ಊರಿನಲ್ಲಿ ಮನೆ ಕಟ್ಟಿಸಿದರು. ಪ್ರತಿ ಮೇ ತಿಂಗಳು ಮತ್ಸ್ಯಗಂಧದಲ್ಲಿ ಹೋಗಿ ಎರಡು ದಿನ ಧೂಳು ಹೊಡೆದು, ಬಲೆ ತೆಗೆದು, ಮತ್ತೆ ಬೀಗ ಹಾಕಿ ಬರುವುದು. ಜಗಲಿಗೆ ಒಂದು ಉಯ್ಯಾಲೆ ಹಾಕಿಸಿದ್ದರು. ಅದರಲ್ಲಿ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ, "ಬಂದು ನಿಂತ ಮೇಲೆ ಬಿಚ್ಚುವಾ" ಅಂತ. 2021ರ ಏಪ್ರಿಲ್‌ನಲ್ಲಿ ಕೋವಿಡ್ ಬಂದು ಹನ್ನೊಂದು ದಿನದಲ್ಲಿ ಹೋಗಿಬಿಟ್ಟರು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಆ ಮನೆಯ ಬೀಗದಕೈ ಈಗಲೂ ಪಕ್ಕದ ಮನೆಯವರ ಹತ್ತಿರ ಇದೆ.

ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಆ ಪ್ಲಾಸ್ಟಿಕ್ ಹಾಳೆ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ.

ಇನ್ನು, ಈ ಸಣ್ಣ ಖುಷಿಯ ಮಾತಿಗೆ ಒಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ನನ್ನ ಮಗ ಹೇಳುತ್ತಾನೆ, "ಅಪ್ಪ, ಇದೆಲ್ಲ ವಾಟ್ಸಾಪಿನಲ್ಲಿ ಬೆಳಿಗ್ಗೆ ಬರುವ ಗುಲಾಬಿ ಹೂವಿನ ಫೋಟೋದ ಹಾಗೆ. ಜನರಿಗೆ ದೊಡ್ಡದು ಕೇಳಬೇಡಿ, ಇದ್ದದ್ದರಲ್ಲಿ ಖುಷಿಪಡಿ ಅಂತ ಹೇಳುವ ಉಪಾಯ." ಅವನ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ದಿನಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಓಡಾಡುವ ಈ ಲೋಕಲ್‌ಗಳಲ್ಲಿ ಫೋರ್ತ್ ಸೀಟ್ ಯಾಕೆ ಖುಷಿ ಕೊಡುತ್ತದೆ? ಕೂರಲು ಜಾಗ ಇಲ್ಲದ್ದಕ್ಕೆ. 2025ರ ಜೂನ್ 9ರ ಬೆಳಿಗ್ಗೆ ನಮ್ಮದೇ ಮಾರ್ಗದ ಮುಂಬ್ರಾದ ತಿರುವಿನಲ್ಲಿ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು, ಜೀವ ಹೋಯಿತು. ಅವರೂ ನಮ್ಮ ಹಾಗೆ ಕೆಲಸಕ್ಕೆ ಹೊರಟವರು. ಅಂಥದ್ದೇನಾದರೂ ಆದ ಮರುದಿನ ಜನ ಮತ್ತೆ ಅದೇ ಟ್ರೈನ್ ಹತ್ತಿದರೆ ಪೇಪರಿನವರು 'ಮುಂಬೈ ಸ್ಪಿರಿಟ್' ಅಂತ ಬರೆಯುತ್ತಾರೆ. ಸ್ಪಿರಿಟ್ ಏನೂ ಅಲ್ಲ ಸ್ವಾಮಿ, ಹೋಗದಿದ್ದರೆ ಸಂಬಳ ಇಲ್ಲ. ಸಹಪ್ರಯಾಣಿಕರು ಸರಿದು ಜಾಗ ಕೊಟ್ಟರು ಎಂಬ ಕಾರಣಕ್ಕೆ ಇನ್ನಷ್ಟು ಟ್ರೈನು, ಮುಚ್ಚುವ ಬಾಗಿಲು ಕೇಳುವುದನ್ನು ನಾವು ಬಿಡಬೇಕಾಗಿಲ್ಲ.

ಆದರೆ ಮಗನಿಗೆ ನಾನು ಹೇಳುವ ಉತ್ತರವೂ ಪಿಗ್ಮಿಯಲ್ಲೇ ಇದೆ. ಎರಡಾಣೆ ಕಟ್ಟಿಸಿಕೊಂಡದ್ದು ನೇಕಾರ ಎರಡಾಣೆಯಲ್ಲೇ ತೃಪ್ತಿಪಡಲಿ ಅಂತ ಅಲ್ಲ. ದಿನಾ ಕಟ್ಟಿದವನ ಹೆಸರಲ್ಲಿ ಒಂದು ಖಾತೆ ಇರುತ್ತದೆ, ಅದರಲ್ಲಿ ಒಂದು ಮೊತ್ತ ಇರುತ್ತದೆ. ಅವನು ಮುಂದೆ ಸಾಲ ಕೇಳಲು ಬಂದಾಗ ಕೈಕಟ್ಟಿ ನಿಲ್ಲುವುದಿಲ್ಲ, ಕುರ್ಚಿ ಎಳೆದು ಕೂರುತ್ತಾನೆ. ಇದನ್ನು ನಾನು ನನ್ನ ಟೇಬಲ್ಲಿನ ಈ ಕಡೆಯಿಂದ ನೋಡಿದ್ದೇನೆ. ದಿನಾ ಸ್ವಲ್ಪ ಖುಷಿ ಇರುವವನೇ ದೊಡ್ಡದನ್ನು ಕೇಳಲು ಹೋರಾಡುತ್ತಾನೆ. ಏನೂ ಇಲ್ಲದವನು ಸುಸ್ತಾಗಿ ಸುಮ್ಮನಾಗುತ್ತಾನೆ. ನಮ್ಮ ಘಾಟ್ಕೋಪರ್ ಗುಂಪಿನವರೇ ಡೊಂಬಿವಲಿಯಿಂದ ಹೊರಡುವ ಟ್ರೈನು ಹೆಚ್ಚಾಗಲಿ ಅಂತ ಸಹಿ ಸಂಗ್ರಹಿಸಿ ಅರ್ಜಿ ಹಾಕಿದವರು. ಒಬ್ಬರ ಮುಖ ಒಬ್ಬರು ನೋಡದೆ ಹೋಗುತ್ತಿದ್ದರೆ ಆ ಅರ್ಜಿಗೆ ಸಹಿ ಯಾರು ಹಾಕುತ್ತಿದ್ದರು?

ಭರವಸೆ ಅನ್ನುವುದೂ ಹೀಗೆ ಕಂತಿನಲ್ಲೇ ಬರುವುದು. ನಮ್ಮ ಶಾಖೆಗೆ ಮನೆಗೆಲಸ ಮಾಡುವ ಒಬ್ಬ ಹೆಂಗಸು ಬರುತ್ತಾಳೆ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದೆ. 2015ರಲ್ಲಿ ಬಂದ ಸ್ಕೀಮು ಅದು, ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಬೇಕು, ಖಾತೆ ತೆರೆದಂದಿನಿಂದ 21 ವರ್ಷಕ್ಕೆ ಪಕ್ವವಾಗುತ್ತದೆ. ಇವಳು ಕೈಲಾದಾಗ ನೂರು, ಇನ್ನೂರು ಕಟ್ಟುತ್ತಾಳೆ. ಕಟ್ಟಿದ ಮೇಲೆ ಪಾಸ್‌ಬುಕ್ ಪ್ರಿಂಟ್ ಮಾಡಿಸದೆ ಹೋಗುವುದಿಲ್ಲ. ಪ್ರಿಂಟಾದ ಸಾಲಿನ ಮೇಲೆ ಬೆರಳಿಟ್ಟು ಮಗಳಿಗೆ ಓದಿಸುತ್ತಾಳೆ. ಇಪ್ಪತ್ತೊಂದು ವರ್ಷ ಅಂದರೆ ನಮಗೆ ದೊಡ್ಡ ಸಂಖ್ಯೆ. ಆದರೆ ಅವಳಿಗೆ ಅವತ್ತಿನ ಆ ಒಂದು ಸಾಲಿನಲ್ಲೇ ಸಂಭ್ರಮ ಇದೆ. ಇವಳದ್ದೂ ದೂರದ ಮೆಚ್ಯೂರಿಟಿಯೇ. ಆದರೆ ಇವಳು ಪ್ರತಿ ಕಂತಿನ ದಿನವೂ ಖುಷಿಪಡುತ್ತಾಳೆ.

ನಮ್ಮ ಹಿಂದಿನ ತಲೆಮಾರಿನವರೂ ಇದನ್ನೇ ಮಾಡಿದ್ದಲ್ಲವೇ? ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತ ಹುಡುಗರು ಮುಂಬೈಯಲ್ಲಿ ಎಷ್ಟಿದ್ದರು! ಅವರಲ್ಲಿ ಮುಂದೆ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ಇದ್ದಾರೆ. ಅವರನ್ನು ಮಾತಾಡಿಸಿದರೆ ಕಷ್ಟದ ಕಥೆ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಯಕ್ಷಗಾನ ನೋಡಲು ರಜೆ ಹೊಡೆದದ್ದು, ಗೆಳೆಯನ ಒಂದೇ ಇಸ್ತ್ರಿ ಅಂಗಿಯನ್ನು ಮೂವರು ಸರದಿಯಲ್ಲಿ ಹಾಕಿಕೊಂಡದ್ದು, ಅದನ್ನು ಅರ್ಧ ಗಂಟೆ ಹೇಳುತ್ತಾರೆ.

ಊರಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗುವವರು ಖಂಡಿತ ಹೋಗಿ. ನಾವೂ ಹೋಗಬಹುದು, ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಹೋಗುವುದಿದ್ದರೆ ಅಲ್ಲಿಯೂ ಈಗಿಂದಲೇ ಸ್ವಲ್ಪ ಸ್ವಲ್ಪ ಕಟ್ಟಿರಿ. ಮೇ ತಿಂಗಳಲ್ಲಿ ಧೂಳು ಹೊಡೆಯುವುದು ಒಂದು ದಿನಕ್ಕೆ ಮುಗಿಸಿ, ಇನ್ನೊಂದು ದಿನ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಬನ್ನಿ. ಉಯ್ಯಾಲೆಯ ಪ್ಲಾಸ್ಟಿಕ್ ಈ ಸಲವೇ ಬಿಚ್ಚಿ. ಇಲ್ಲಿರುವಷ್ಟು ದಿನ ಇಲ್ಲಿಯ ಗೋಡೆಗೂ ಬಣ್ಣ ಹೊಡೆಸಿ.

ನವೆಂಬರ್ ಬಂದರೆ ನಮ್ಮ ಬ್ಯಾಂಕಿನಲ್ಲಿ ಪಿಂಚಣಿದಾರರ ಸಾಲು. ಜೀವಂತ ಇದ್ದೇನೆ ಅನ್ನುವ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆ. 2014ರಿಂದ ಅದು ಡಿಜಿಟಲ್ ಆಗಿದೆ, ಈಗ ಮನೆಯಲ್ಲೇ ಕೂತು ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಆದರೂ ಎಂಬತ್ತು ದಾಟಿದ ಒಬ್ಬರು ಅಜ್ಜ ಪ್ರತಿ ವರ್ಷ ತಪ್ಪದೆ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. "ನೀವು ಬರಬೇಕಾಗಿರಲಿಲ್ಲ ಸರ್, ಮನೆಯಿಂದಲೇ ಮಾಡಬಹುದಿತ್ತು" ಅಂದೆ ಹಿಂದಿನ ಸಲ. "ಗೊತ್ತು. ನಾನು ಇದ್ದೇನೆ ಅಂತ ವರ್ಷಕ್ಕೊಮ್ಮೆಯಾದರೂ ಒಬ್ಬ ಮನುಷ್ಯ ನೋಡಿ ಬರೆದುಕೊಳ್ಳಲಿ ಅಂತ ಬರ್ತೇನೆ" ಅಂದರು. ಅವರಿಗೆ ಚಹಾ ತರಿಸಿದೆ. ಅರ್ಧ ಗಂಟೆ ಕೂತು, 1970ರ ದಶಕದ ಫೋರ್ಟ್ ಹೇಗಿತ್ತು ಅಂತ ಹೇಳಿ ಹೋದರು. ಸಾಲಿನಲ್ಲಿದ್ದ ಉಳಿದವರೂ ಬೇಸರಪಡದೆ ಕೇಳಿಸಿಕೊಂಡರು.

ಬದುಕಿದ್ದೀರಾ ಅಂತ ಸರ್ಕಾರ ಕೇಳುವುದು ವರ್ಷಕ್ಕೊಮ್ಮೆ, ಅದೂ ನಿವೃತ್ತಿಯ ನಂತರ. ಪಿಗ್ಮಿಯವರು ಮಾತ್ರ ದಿನಾ ಸಂಜೆ ಬಂದು ಕೇಳುತ್ತಿದ್ದರು, "ಇವತ್ತು ಎಷ್ಟು?" ಅಂತ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಹೋಯಿತು. ಪಿಗ್ಮಿ ಅನ್ನುವ ಮಾತು ಊರಿನ ಪೇಟೆಗಳಲ್ಲಿ ಉಳಿದಿದೆ. ನಮ್ಮ ಬಿಲ್ಡಿಂಗಿನ ಬಾಗಿಲಿಗೆ ಯಾರೂ ಬರುವುದಿಲ್ಲವಾದ್ದರಿಂದ ರಾತ್ರಿ ಮಲಗುವ ಮುಂಚೆ ಆ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು.

ನನ್ನದು ಇವತ್ತು ಎರಡಾಣೆ: ಕುರ್ಲಾದಲ್ಲಿ ಟ್ರೈನು ಇಪ್ಪತ್ತು ನಿಮಿಷ ನಿಂತಾಗ ಎದುರು ಕೂತ ಕಾಲೇಜು ಹುಡುಗಿ ತನ್ನ ಡಬ್ಬಿಯ ಚಕ್ಕುಲಿಯನ್ನು ಎಲ್ಲರಿಗೂ ಹಂಚಿದಳು. ನಿಮ್ಮದು ಎಷ್ಟು?